ಸಣ್ಣ ಕೋಣೆಗೆ ಎಂಥ ಟಿವಿ? ಕಣ್ಣು, ಕೋನ ಮತ್ತು ಕಾಲದ ಲೆಕ್ಕ

ಟಿವಿ ಕೊಳ್ಳಲು ಹೊರಟವರು ಸಾಮಾನ್ಯವಾಗಿ ಕೇಳುವುದು ಎರಡೇ ಪ್ರಶ್ನೆ: ಎಷ್ಟು ಅಂಗುಲ? ಎಷ್ಟು ರೂಪಾಯಿ? ಅಂಗಡಿಯವರು ಇದಕ್ಕೆ ಇನ್ನೂ ಹತ್ತು ಪದಗಳನ್ನು ಸೇರಿಸುತ್ತಾರೆ. ಎಚ್‌ಡಿ ರೆಡಿ, ಫುಲ್ ಎಚ್‌ಡಿ, 4ಕೆ, ಎಚ್‌ಡಿಆರ್, 120 ಹರ್ಟ್ಸ್ ಹೀಗೆ. ಒಂದೊಂದು ಪದಕ್ಕೂ ಒಂದೊಂದು ಬೆಲೆ. ಅದರಲ್ಲೂ ಮನೆಯ ಹಜಾರದಲ್ಲಿ ಒಂದು ಟಿವಿ ಇದ್ದು, ಮಕ್ಕಳು ಮಲಗುವ ಸಣ್ಣ ಕೋಣೆಗೆ, ವಿಡಿಯೊ ಆಟಕ್ಕೂ ಆಗುವಂತೆ, ಎರಡನೆಯದೊಂದನ್ನು ಕೊಳ್ಳುವಾಗ ಕೈಯಲ್ಲಿರುವ ಹಣ ಕಡಿಮೆ, ಆಯ್ಕೆ ಮಾತ್ರ ಜಾಸ್ತಿ.

ಈ ಆಯ್ಕೆಗೆ ನೆರವಾಗಲು ಪಿಯುಸಿ ಮಟ್ಟದ ಭೌತಶಾಸ್ತ್ರವೇ ಸಾಕು. ಪೆಟ್ಟಿಗೆಯ ಮೇಲೆ ದೊಡ್ಡಕ್ಷರಗಳಲ್ಲಿ ಅಚ್ಚಾಗುವುದು ಚಿತ್ರಬಿಂದುಗಳ ಸಂಖ್ಯೆ. ಒಂದು ಮಿತಿ ದಾಟಿದ ಮೇಲೆ ಅದನ್ನು ನಮ್ಮ ಕಣ್ಣು ಗುರುತಿಸಲಾರದು. ಆಟವಾಡುವವರಿಗೆ ನಿಜವಾಗಿ ಬೇಕಾದ ಸಂಖ್ಯೆ ಸಂಕೇತದ ವಿಳಂಬ. ಅದು ಪೆಟ್ಟಿಗೆಯ ಮೇಲೆ ಸಾಮಾನ್ಯವಾಗಿ ಇರುವುದೇ ಇಲ್ಲ. ಮೊದಲನೆಯದನ್ನು ಲೆಕ್ಕ ಹಾಕಬಹುದು, ಎರಡನೆಯದನ್ನು ಅಳೆಯಬಹುದು. ಹೇಗೆಂದು ನೋಡೋಣ.

ಕಣ್ಣು ಎಷ್ಟನ್ನು ಬೇರ್ಪಡಿಸಬಲ್ಲದು?

ಕಣ್ಣಿನ ವೈದ್ಯರಲ್ಲಿ ಗೋಡೆಗೆ ತೂಗುಹಾಕಿರುವ ಅಕ್ಷರಪಟ್ಟಿಯನ್ನು ಎಲ್ಲರೂ ಕಂಡಿದ್ದೇವೆ. ಡಚ್ ವೈದ್ಯ ಹರ್ಮನ್ ಸ್ನೆಲೆನ್ 1862ರಲ್ಲಿ ರೂಪಿಸಿದ ಪಟ್ಟಿ ಅದು. ಅದರಲ್ಲಿ 6/6 ಎಂದು ಗುರುತು ಮಾಡಿದ ಸಾಲಿನ ಅಕ್ಷರದ ಎತ್ತರ ಸುಮಾರು 8.7 ಮಿಲಿಮೀಟರ್. 6 ಮೀಟರ್ ದೂರದಿಂದ ಅಂಥ ಅಕ್ಷರ ಕಣ್ಣಿನಲ್ಲಿ ಉಂಟುಮಾಡುವ ಕೋನ 5 ಮಿನಿಟು. ಅಕ್ಷರದ ಒಂದೊಂದು ಗೆರೆಯ ದಪ್ಪ ಉಂಟುಮಾಡುವ ಕೋನ 1 ಮಿನಿಟು, ಅಂದರೆ ಒಂದು ಡಿಗ್ರಿಯ ಅರವತ್ತನೇ ಒಂದು ಭಾಗ. ಸಾಮಾನ್ಯ ದೃಷ್ಟಿಯ ಪೃಥಕ್ಕರಣ ಸಾಮರ್ಥ್ಯವೆಂದು ನಾವು ಒಪ್ಪಿರುವ ಅಳತೆ ಇದೇ.

ಈ ಮಿತಿಗೆ ಕಾರಣ ಕಣ್ಣಿನ ರಚನೆಯಲ್ಲೇ ಇದೆ. ಪಾಪೆಯ ವ್ಯಾಸ 3 ಮಿಲಿಮೀಟರ್ ಎಂದೂ ಬೆಳಕಿನ ತರಂಗದೂರ 550 ನ್ಯಾನೊಮೀಟರ್ ಎಂದೂ ಇಟ್ಟುಕೊಂಡರೆ, ವಿವರ್ತನೆಯಿಂದಾಗಿ ಬೇರ್ಪಡಿಸಬಹುದಾದ ಕನಿಷ್ಠ ಕೋನ ಸುಮಾರು 0.77 ಮಿನಿಟು ಬರುತ್ತದೆ. ಅಕ್ಷಿಪಟಲದ ನಡುಭಾಗದಲ್ಲಿ ಶಂಕುಕೋಶಗಳ ನಡುವಿನ ಅಂತರ ಸುಮಾರು 2.5 ಮೈಕ್ರೊಮೀಟರ್. ಕಣ್ಣಿನ ನಾಭಿದೂರ ಸುಮಾರು 17 ಮಿಲಿಮೀಟರ್. ಇವುಗಳ ಅನುಪಾತ ಅರ್ಧ ಮಿನಿಟಿನಷ್ಟು. ಎರಡು ಬಿಂದುಗಳು ಬೇರೆಬೇರೆಯಾಗಿ ಕಾಣಬೇಕಾದರೆ ಅವುಗಳ ನಡುವೆ ಪ್ರಚೋದನೆಗೊಳ್ಳದ ಒಂದು ಕೋಶವಾದರೂ ಇರಬೇಕು. ಹೀಗೆ ಎರಡು ದಾರಿಯಿಂದ ಹೋದರೂ ನಾವು ತಲುಪುವುದು ಸುಮಾರು ಒಂದು ಮಿನಿಟನ್ನೇ. ಕೆಲವು ಎಳೆಯ ಕಣ್ಣುಗಳು ಇದಕ್ಕಿಂತ ಸ್ವಲ್ಪ ಸೂಕ್ಷ್ಮವಾಗಿರುವುದೂ ಉಂಟು.

ಒಂದು ರೇಡಿಯನ್‌ನಲ್ಲಿ 3438 ಮಿನಿಟುಗಳಿವೆ. ಆದ್ದರಿಂದ ನಮಗೆ ಬೇಕಾದ ಸೂತ್ರ ಬಹಳ ಸರಳ:

ಮಿತಿ ದೂರ = ಒಂದು ಚಿತ್ರಬಿಂದುವಿನ ಅಗಲ × 3438

ಈ ದೂರಕ್ಕಿಂತ ಹತ್ತಿರ ಕೂತರೆ ಬಿಂದುಗಳು ಬಿಡಿಬಿಡಿಯಾಗಿ ಕಾಣತೊಡಗುತ್ತವೆ. ದೂರ ಕೂತರೆ ಒಂದರಲ್ಲೊಂದು ಬೆರೆತುಹೋಗುತ್ತವೆ. ಬೆರೆತ ಮೇಲೆ ಅವುಗಳ ಸಂಖ್ಯೆಯನ್ನು ಇನ್ನೂ ಹೆಚ್ಚಿಸಿ ಪ್ರಯೋಜನ ಅಲ್ಪ.

ಹಳೆಯ ಟಿವಿಗೂ ಈ ಸೂತ್ರವನ್ನು ಅನ್ವಯಿಸಿ ನೋಡಬಹುದು. ಕ್ಯಾಥೋಡ್ ಕಿರಣ ನಳಿಕೆಯ 21 ಅಂಗುಲದ ಪರದೆಯ ಎತ್ತರ ಸುಮಾರು 32 ಸೆಂಟಿಮೀಟರ್. ಅಂದಿನ ಪ್ರಸಾರದ 625 ಗೆರೆಗಳಲ್ಲಿ ಚಿತ್ರಕ್ಕೆ ಬಳಕೆಯಾಗುತ್ತಿದ್ದುದು 576. ಗೆರೆಗಳ ಅಂತರ 0.55 ಮಿಲಿಮೀಟರ್, ಮಿತಿ ದೂರ 1.9 ಮೀಟರ್. 'ಟಿವಿಯಿಂದ ಆರೇಳು ಅಡಿಯಾದರೂ ದೂರ ಕೂರಿ' ಎನ್ನುತ್ತಿದ್ದ ಹಿರಿಯರ ಮಾತಿಗೆ ಹೀಗೊಂದು ಆಧಾರವಿತ್ತು. ಇಂದಿನ ಪರದೆಗೆ ಅದೇ ದೂರವನ್ನು ಹೇಳಬೇಕಾಗಿಲ್ಲ.

ಕೋಣೆಯ ಅಳತೆ, ಪರದೆಯ ಅಳತೆ

ಇಂದಿನ ಪರದೆಗಳ ಅಗಲ ಮತ್ತು ಎತ್ತರಗಳ ಅನುಪಾತ 16:9. ಕರ್ಣವನ್ನು 0.87ರಿಂದ ಗುಣಿಸಿದರೆ ಅಗಲ ಸಿಗುತ್ತದೆ, 0.49ರಿಂದ ಗುಣಿಸಿದರೆ ಎತ್ತರ. ನಮ್ಮಲ್ಲಿ 32 ಅಂಗುಲದ್ದೆಂದು ಮಾರಾಟವಾಗುವ ಟಿವಿಯ ಕರ್ಣ 80 ಸೆಂಟಿಮೀಟರ್, 43 ಅಂಗುಲದ್ದರ ಕರ್ಣ 108 ಸೆಂಟಿಮೀಟರ್.

ಪರದೆ ನಮ್ಮ ನೋಟದ ಎಷ್ಟು ಭಾಗವನ್ನು ತುಂಬಬೇಕು? ಅಡ್ಡಗಲದಲ್ಲಿ ಸುಮಾರು 30 ಡಿಗ್ರಿ ತುಂಬಿದರೆ ಚಿತ್ರದಲ್ಲಿ ಒಳಗೊಂಡ ಅನುಭವ ಬರುತ್ತದೆ ಎಂಬುದು ಚಲನಚಿತ್ರ ತಂತ್ರಜ್ಞರು ಬಳಸುತ್ತ ಬಂದಿರುವ ಸೂಚನೆ. ಇದನ್ನು ದೂರಕ್ಕೆ ಪರಿವರ್ತಿಸಿದರೆ ಕರ್ಣದ ಸುಮಾರು 1.6 ಪಟ್ಟು ಆಗುತ್ತದೆ. ಈ ದೂರವನ್ನೂ ಮಿತಿ ದೂರವನ್ನೂ ಒಟ್ಟಿಗೆ ಕೊಟ್ಟರೆ ಹೀಗೊಂದು ಪಟ್ಟಿ ಸಿಗುತ್ತದೆ. ದೂರಗಳೆಲ್ಲ ಮೀಟರ್‌ಗಳಲ್ಲಿವೆ. ಕೊನೆಯ ಮೂರು ಅಂಕಣಗಳ ತಲೆಯ ಮೇಲಿರುವುದು ಅಡ್ಡಸಾಲಿನಲ್ಲಿರುವ ಚಿತ್ರಬಿಂದುಗಳ ಸಂಖ್ಯೆ: 1366 ಎಚ್‌ಡಿ ರೆಡಿ, 1920 ಫುಲ್ ಎಚ್‌ಡಿ, 3840 4ಕೆ.

| ಕರ್ಣ | ಅಗಲ | 30 ಡಿಗ್ರಿಗೆ ದೂರ | 1366 | 1920 | 3840 |
|---|---|---|---|---|---|
| 60 ಸೆಂ.ಮೀ. (24 ಅಂಗುಲ) | 52 ಸೆಂ.ಮೀ. | 1.0 | 1.3 | 0.95 | – |
| 80 ಸೆಂ.ಮೀ. (32 ಅಂಗುಲ) | 70 ಸೆಂ.ಮೀ. | 1.3 | 1.75 | 1.25 | – |
| 108 ಸೆಂ.ಮೀ. (43 ಅಂಗುಲ) | 94 ಸೆಂ.ಮೀ. | 1.75 | – | 1.7 | 0.85 |
| 139 ಸೆಂ.ಮೀ. (55 ಅಂಗುಲ) | 121 ಸೆಂ.ಮೀ. | 2.25 | – | 2.2 | 1.1 |

ಈಗ ಹತ್ತು ಅಡಿ ಉದ್ದ, ಎಂಟು ಅಡಿ ಅಗಲದ ಒಂದು ಕೋಣೆಯನ್ನು ತೆಗೆದುಕೊಳ್ಳಿ. ಎಂಟು ಅಡಿಯ ದಿಕ್ಕಿನಲ್ಲಿ ಗೋಡೆಯಿಂದ ಗೋಡೆಗೆ 2.44 ಮೀಟರ್. ಗೋಡೆಗೊರಗಿ ಕೂತವರ ಕಣ್ಣು ಗೋಡೆಯಿಂದ ಅರ್ಧ ಮೀಟರ್ ಮುಂದಿರುತ್ತದೆ. ಎದುರಿನ ಟಿವಿಯ ಪರದೆಯೂ ಗೋಡೆಯಿಂದ ಒಂದು ಗೇಣಿನಷ್ಟಾದರೂ ಈಚೆಗಿರುತ್ತದೆ. ಉಳಿಯುವುದು 1.8 ಮೀಟರ್. ಈ ದೂರದಲ್ಲಿ 80 ಸೆಂಟಿಮೀಟರಿನ ಪರದೆ 22 ಡಿಗ್ರಿ ತುಂಬುತ್ತದೆ, 108 ಸೆಂಟಿಮೀಟರಿನದು 29 ಡಿಗ್ರಿ. ಹತ್ತು ಅಡಿಯ ದಿಕ್ಕಿನಲ್ಲಿ ಮಂಚ ಹಾಕಿದರೆ ದೂರ 2.4 ಮೀಟರ್ ಆಗುತ್ತದೆ. ಆಗ 108ರ ಪರದೆಯೂ 22 ಡಿಗ್ರಿಗೆ ಇಳಿಯುತ್ತದೆ. ಎಂದರೆ, ಟಿವಿಯ ಅಳತೆಯನ್ನು ನಿರ್ಧರಿಸುವುದು ಕೋಣೆಯ ವಿಸ್ತೀರ್ಣವಲ್ಲ, ಮಂಚದ ದಿಕ್ಕು. ಅಂಗಡಿಗೆ ಹೊರಡುವ ಮೊದಲು ಕಣ್ಣಿರುವ ಜಾಗದಿಂದ ಪರದೆ ಬರುವ ಜಾಗದವರೆಗೆ ಟೇಪು ಹಿಡಿದು ಅಳೆಯಿರಿ. ಇಡೀ ವ್ಯವಹಾರದಲ್ಲಿ ಅತಿ ಮುಖ್ಯವಾದ ಅಳತೆ ಅದೊಂದೇ.

4ಕೆ ಬೇಕೆ?

ಪಟ್ಟಿಯನ್ನು ಮತ್ತೆ ನೋಡಿ. 1.8 ಮೀಟರ್ ದೂರದಿಂದ 108 ಸೆಂಟಿಮೀಟರಿನ ಫುಲ್ ಎಚ್‌ಡಿ ಪರದೆಯ ಒಂದು ಬಿಂದು ಉಂಟುಮಾಡುವ ಕೋನ 0.94 ಮಿನಿಟು. ಸಾಮಾನ್ಯ ಕಣ್ಣಿನ ಮಿತಿಯನ್ನು ಅದು ಆಗಲೇ ತಲುಪಿದೆ. 4ಕೆ ಪರದೆಯಲ್ಲಿ ಬಿಂದುಗಳ ಸಂಖ್ಯೆ ನಾಲ್ಕು ಪಟ್ಟು ಇದೆ, ನಿಜ. ಆದರೆ ಅದರ ಪೂರ್ತಿ ಲಾಭ ಪಡೆಯಲು 0.85 ಮೀಟರಿಗೆ, ಅಂದರೆ ಪರದೆಯ ಮುಂದೆ ತೋಳಳತೆಗೆ, ಬಂದು ಕೂರಬೇಕು.

ಆದರೂ ಲೆಕ್ಕವನ್ನು ಇಲ್ಲಿಗೇ ಮುಗಿಸುವಂತಿಲ್ಲ. ಎರಡು ಬಿಂದುಗಳನ್ನು ಬೇರ್ಪಡಿಸಲು ಕಣ್ಣಿಗೆ ಒಂದು ಮಿನಿಟು ಬೇಕಾದರೂ, ಒಂದು ನೇರ ಗೆರೆ ಮುರಿದು ಪಕ್ಕಕ್ಕೆ ಸರಿದಿರುವುದನ್ನು ಅದು ಇದರ ಹತ್ತನೇ ಒಂದು ಭಾಗದಷ್ಟು ಕೋನದಲ್ಲೂ ಗುರುತಿಸುತ್ತದೆ. ಪ್ರಯೋಗಾಲಯದಲ್ಲಿ ವರ್ನಿಯರ್ ಮಾಪಕವನ್ನು ಓದಲು ನಮಗೆ ಸಾಧ್ಯವಾಗುವುದು ಈ ಶಕ್ತಿಯಿಂದಲೇ. ಆಟಗಳಲ್ಲಿ ಓರೆಯಾದ ಅಂಚುಗಳು ಮೆಟ್ಟಿಲು ಮೆಟ್ಟಿಲಾಗಿ ಕಂಡರೆ ಕಾರಣವೂ ಇದೇ. ಆದ್ದರಿಂದ 4ಕೆ ಪರದೆಯಿಂದ ಏನೂ ಲಾಭವಿಲ್ಲ ಎನ್ನುವುದು ತಪ್ಪಾಗುತ್ತದೆ. 108 ಸೆಂಟಿಮೀಟರ್ ಅಳತೆಯಲ್ಲಿ ಎರಡರ ಬೆಲೆಯ ವ್ಯತ್ಯಾಸ ಸ್ವಲ್ಪವೇ ಇದ್ದರೆ 4ಕೆ ಕೊಳ್ಳಬಹುದು. ಬಹಳವಿದ್ದರೆ ಆ ಹಣವನ್ನು ಮುಂದೆ ಹೇಳುವ ಗುಣಗಳಿಗೆ ಉಳಿಸುವುದು ಲೇಸು.

80 ಸೆಂಟಿಮೀಟರಿನ ಅಳತೆಯಲ್ಲಿ ಬೇರೆಯೇ ಎಚ್ಚರ ಬೇಕು. ಈ ಅಳತೆಯ ಅಗ್ಗದ ಟಿವಿಗಳಲ್ಲಿ ಹಲವು 1366 × 768 ಬಿಂದುಗಳವು. ಆಟದ ಯಂತ್ರ ಕಳಿಸುವ ಚಿತ್ರದ ಸಾಲುಗಳು 720 ಅಥವಾ 1080. 768ನ್ನು 720ರಿಂದ ಭಾಗಿಸಿದರೆ ಪೂರ್ಣಾಂಕ ಬರುವುದಿಲ್ಲ. ಆದ್ದರಿಂದ ಪ್ರತಿಯೊಂದು ಬಿಂದುವನ್ನೂ ನೆರೆಯ ಬಿಂದುಗಳೊಡನೆ ಬೆರೆಸಿ ಹಿಗ್ಗಿಸಬೇಕಾಗುತ್ತದೆ, ಸಣ್ಣ ಅಕ್ಷರಗಳು ಮಸುಕಾಗುತ್ತವೆ. 1.3ರಿಂದ 1.6 ಮೀಟರ್ ದೂರದಲ್ಲಿ ಕೂತು ಆಡುವವರು ಈ ಅಳತೆಯಲ್ಲಿ 1920 × 1080 ಬಿಂದುಗಳಿರುವುದನ್ನೇ ಹುಡುಕಬೇಕು. '4ಕೆ ಚಿತ್ರವನ್ನು ಸ್ವೀಕರಿಸುತ್ತದೆ' ಎಂಬ ಬರಹ ಕಂಡರೆ ಅದು ಪರದೆಯ ಗುಣವಲ್ಲ, ಒಳಬರುವ ಸಂಕೇತದ ಮಾತು ಎಂಬುದು ನೆನಪಿರಲಿ. ತಾಂತ್ರಿಕ ವಿವರಗಳ ಪಟ್ಟಿಯಲ್ಲಿ ಪರದೆಯ ಸ್ವಂತ ಬಿಂದುಗಳ ಸಂಖ್ಯೆಯನ್ನೇ ಓದಬೇಕು.

ಆಟಕ್ಕೆ ಬೇಕಾದದ್ದು ಮಿಲಿಸೆಕೆಂಡುಗಳ ಲೆಕ್ಕ

ಸಿನಿಮಾ ನೋಡುವಾಗ ಚಿತ್ರವೂ ಧ್ವನಿಯೂ ಒಟ್ಟಿಗೆ ಹತ್ತನೇ ಒಂದು ಸೆಕೆಂಡು ತಡವಾಗಿ ಬಂದರೆ ಯಾರಿಗೂ ತಿಳಿಯುವುದಿಲ್ಲ. ಆಟದಲ್ಲಿ ಹಾಗಲ್ಲ. ಕೈ ಗುಂಡಿ ಒತ್ತುತ್ತದೆ, ಯಂತ್ರ ಹೊಸ ಚಿತ್ರ ಬರೆಯುತ್ತದೆ, ಟಿವಿ ಅದನ್ನು ತೋರಿಸುತ್ತದೆ, ಕಣ್ಣು ನೋಡಿ ಕೈಗೆ ಮತ್ತೆ ಹೇಳುತ್ತದೆ. ಈ ಸುತ್ತಿನಲ್ಲಿ ಟಿವಿ ತಿನ್ನುವ ಸಮಯವೇ ಸಂಕೇತದ ವಿಳಂಬ.

ಟಿವಿಗೆ ಸಮಯ ಏಕೆ ಬೇಕು? ಒಳಬಂದ ಚಿತ್ರವನ್ನು ಅದು ನೇರವಾಗಿ ಪರದೆಗೆ ಕಳಿಸುವುದಿಲ್ಲ. ಹಿಗ್ಗಿಸುತ್ತದೆ, ಬಣ್ಣ ತಿದ್ದುತ್ತದೆ, ಕಲೆ ಅಳಿಸುತ್ತದೆ. ಚಲನೆಯನ್ನು ನಯಗೊಳಿಸಲು ಎರಡು ಚಿತ್ರಗಳ ನಡುವೆ ತಾನೇ ಒಂದನ್ನು ರಚಿಸಿ ಸೇರಿಸುವುದೂ ಉಂಟು. ಎರಡು ಚಿತ್ರಗಳ ನಡುವಿನದನ್ನು ರಚಿಸಬೇಕಾದರೆ ಎರಡನೆಯದು ಬರುವವರೆಗೆ ಕಾಯಲೇಬೇಕಲ್ಲವೆ? ಸೆಕೆಂಡಿಗೆ 60 ಚಿತ್ರಗಳು ಬರುವಾಗ ಒಂದು ಚಿತ್ರಕ್ಕೆ 16.7 ಮಿಲಿಸೆಕೆಂಡು. ಎಂದರೆ ಈ 'ನಯ'ದ ಬೆಲೆ ಕಡಿಮೆಯೆಂದರೂ ಒಂದು ಚಿತ್ರದ ಕಾಲ. ಇಂಥ ಕೆಲಸಗಳೆಲ್ಲ ಸೇರಿ ವಿಳಂಬ ಕೆಲವು ಟಿವಿಗಳಲ್ಲಿ 100 ಮಿಲಿಸೆಕೆಂಡನ್ನೂ ಮುಟ್ಟುತ್ತದೆ. 'ಗೇಮ್ ಮೋಡ್' ಎಂಬ ಆಯ್ಕೆ ಮಾಡುವುದು ಒಂದೇ ಕೆಲಸ: ಈ ತಿದ್ದುಪಡಿಗಳನ್ನು ಸಾಧ್ಯವಾದಷ್ಟು ಬಿಟ್ಟುಬಿಡುವುದು. ಒಳ್ಳೆಯ ಟಿವಿಯಲ್ಲಿ ಆಗ ವಿಳಂಬ 20 ಮಿಲಿಸೆಕೆಂಡಿಗಿಂತ ಕೆಳಗಿಳಿಯುತ್ತದೆ.

100 ಮಿಲಿಸೆಕೆಂಡು ಎಷ್ಟು ದೊಡ್ಡದು? ಕ್ರಿಕೆಟ್ ಆಟವನ್ನೇ ತೆಗೆದುಕೊಳ್ಳಿ. ಗಂಟೆಗೆ 140 ಕಿಲೊಮೀಟರ್ ವೇಗದ ಚೆಂಡು ಸೆಕೆಂಡಿಗೆ 38.9 ಮೀಟರ್ ಚಲಿಸುತ್ತದೆ. ಕ್ರೀಸಿನಿಂದ ಕ್ರೀಸಿಗೆ ಇರುವ 17.68 ಮೀಟರ್ ದಾಟಲು ಅದಕ್ಕೆ ಬೇಕಾಗುವುದು 0.45 ಸೆಕೆಂಡು. ಪರದೆ 0.1 ಸೆಕೆಂಡು ತಡವಾಗಿ ತೋರಿಸಿದರೆ, ಆಟಗಾರ ಕಾಣುತ್ತಿರುವ ಚೆಂಡು ಯಂತ್ರದ ಲೆಕ್ಕದಲ್ಲಿ ಆಗಲೇ ಸುಮಾರು 4 ಮೀಟರ್ ಮುಂದೆ ಬಂದಿರುತ್ತದೆ. ಮನುಷ್ಯನ ಪ್ರತಿಕ್ರಿಯಾ ಕಾಲವೇ ಸುಮಾರು 0.2 ಸೆಕೆಂಡು. ಬೀಳುತ್ತಿರುವ ಅಡಿಪಟ್ಟಿಯನ್ನು 20 ಸೆಂಟಿಮೀಟರ್ ಗುರುತಿನಲ್ಲಿ ಹಿಡಿದವರ ಕಾಲ ಇದು. ಅದರ ಅರ್ಧದಷ್ಟನ್ನು ಟಿವಿಯೇ ಕಬಳಿಸಿದರೆ ಆಡುವವರಿಗೆ ಉಳಿಯುವುದೇನು? 'ನನಗೆ ಆಡಲು ಬರುವುದಿಲ್ಲ' ಎಂದು ಬೇಸರಿಸುವ ಮಕ್ಕಳಲ್ಲಿ ಕೆಲವರ ತೊಂದರೆ ಬೆರಳಿನಲ್ಲಿಲ್ಲದೆ ಟಿವಿಯ ಒಂದು ಆಯ್ಕೆಯಲ್ಲಿ ಇರಬಹುದು.

ಮೊಬೈಲಿನ ಆಟವನ್ನು ವೈಫೈ ಮೂಲಕ ಟಿವಿಗೆ ಕಳಿಸಿದರೆ ವಿಳಂಬ ಇನ್ನೂ ಬೆಳೆಯುತ್ತದೆ. ಚಿತ್ರವನ್ನು ಸಂಕುಚಿಸಿ, ರೇಡಿಯೊ ತರಂಗದಲ್ಲಿ ಕಳಿಸಿ, ಮತ್ತೆ ಬಿಡಿಸಬೇಕು. ಚದುರಂಗಕ್ಕೆ ಇದರಿಂದ ತೊಂದರೆಯಿಲ್ಲ, ಓಟದ ಆಟಕ್ಕೆ ತಂತಿಯೇ ಸರಿ.

ವಿಳಂಬವನ್ನು ಅಳೆಯುವ ಎರಡು ವಿಧಾನ

ಲ್ಯಾಪ್‌ಟಾಪ್ ಒಂದನ್ನು ಎಚ್‌ಡಿಎಂಐ ತಂತಿಯಿಂದ ಟಿವಿಗೆ ಜೋಡಿಸಿ, ಎರಡರಲ್ಲೂ ಒಂದೇ ಚಿತ್ರ ಬರುವಂತೆ ಮಾಡಿ. ಮಿಲಿಸೆಕೆಂಡು ತೋರಿಸುವ ಗಡಿಯಾರವೊಂದನ್ನು ತೆರೆಯಿರಿ. ಎರಡೂ ಪರದೆ ಒಟ್ಟಿಗೆ ಕಾಣುವಂತೆ ಮೊಬೈಲಿನಿಂದ ಹತ್ತು ಛಾಯಾಚಿತ್ರ ತೆಗೆಯಿರಿ. ಪ್ರತಿ ಚಿತ್ರದಲ್ಲೂ ಎರಡು ಗಡಿಯಾರಗಳ ವ್ಯತ್ಯಾಸ ಬರೆದು ಸರಾಸರಿ ಹಾಕಿ. ಲ್ಯಾಪ್‌ಟಾಪಿನ ಪರದೆಗೆ ಹೋಲಿಸಿದರೆ ಟಿವಿ ಎಷ್ಟು ಹಿಂದಿದೆ ಎಂಬುದು ತಿಳಿಯುತ್ತದೆ. ಒಂದೊಂದು ಅಳತೆಯಲ್ಲಿ ಒಂದು ಚಿತ್ರದ ಕಾಲದಷ್ಟು, ಅಂದರೆ ಸುಮಾರು 17 ಮಿಲಿಸೆಕೆಂಡಿನಷ್ಟು, ದೋಷ ಇರಬಹುದು. ಸರಾಸರಿ ಬೇಕಾಗುವುದು ಅದಕ್ಕಾಗಿಯೇ. ಅಂಗಡಿಯವರು ಒಪ್ಪಿದರೆ ಇದನ್ನು ಅಲ್ಲಿಯೇ ಐದು ನಿಮಿಷದಲ್ಲಿ ಮಾಡಬಹುದು.

ಎರಡನೆಯ ವಿಧಾನಕ್ಕೆ ಸೆಕೆಂಡಿಗೆ 240 ಚಿತ್ರ ತೆಗೆಯಬಲ್ಲ ಮೊಬೈಲ್ ಬೇಕು. ಗುಂಡಿ ಒತ್ತುವ ಬೆರಳು ಮತ್ತು ಪರದೆ ಎರಡೂ ಕಾಣುವಂತೆ ಚಿತ್ರೀಕರಿಸಿ. ಗುಂಡಿ ಕೆಳಗಿಳಿದ ಕ್ಷಣದಿಂದ ಪರದೆಯಲ್ಲಿ ಬದಲಾವಣೆ ಕಾಣುವವರೆಗಿನ ಚಿತ್ರಗಳನ್ನು ಎಣಿಸಿ. ಒಂದೊಂದು ಚಿತ್ರಕ್ಕೆ 4.17 ಮಿಲಿಸೆಕೆಂಡು. ಗೇಮ್ ಮೋಡ್ ಇಲ್ಲದಾಗ 34 ಚಿತ್ರ, ಇದ್ದಾಗ 20 ಚಿತ್ರ ಬಂದವೆಂದು ಇಟ್ಟುಕೊಳ್ಳಿ. ಈ ಎಣಿಕೆಯಲ್ಲಿ ಆಟದ ಯಂತ್ರದ ಕಾಲವೂ ಸೇರಿದೆ. ಆದರೆ ಎರಡು ಸಲವೂ ಅದು ಒಂದೇ ಆಗಿರುವುದರಿಂದ, 14 ಚಿತ್ರಗಳ ವ್ಯತ್ಯಾಸ, ಅಂದರೆ 58 ಮಿಲಿಸೆಕೆಂಡು, ಟಿವಿಯ ಸಂಸ್ಕರಣೆಯದೇ. ಪ್ರೌಢಶಾಲೆ, ಪಿಯುಸಿ ವಿದ್ಯಾರ್ಥಿಗಳಿಗೆ ಇದು ದೋಷ ವಿಶ್ಲೇಷಣೆ ಕಲಿಸಲು ಒಳ್ಳೆಯ ಯೋಜನೆಯೂ ಹೌದು.

ಮಸುಕು, ಆವೃತ್ತಿ ಮತ್ತು ತಂತಿ

ವಿಳಂಬ ಬೇರೆ, ಮಸುಕು ಬೇರೆ. ಎಲ್‌ಇಡಿ ಟಿವಿ ಎನ್ನುವುದರಲ್ಲಿ ಎಲ್‌ಇಡಿ ಇರುವುದು ಹಿಂಬೆಳಕಿಗಾಗಿ. ಚಿತ್ರ ಮೂಡಿಸುವುದು ಎರಡು ಧ್ರುವಕಗಳ ನಡುವಿನ ದ್ರವಹರಳಿನ ಪದರ. ವಿದ್ಯುತ್ ಕ್ಷೇತ್ರ ಬದಲಾದಾಗ ಅದರ ಅಣುಗಳು ಹೊರಳಲು ಕೆಲವು ಮಿಲಿಸೆಕೆಂಡು ಬೇಕು. ಇದು ಪರದೆಯ ಪ್ರತಿಕ್ರಿಯಾ ಕಾಲ. ಜೊತೆಗೆ ಪ್ರತಿಯೊಂದು ಚಿತ್ರವೂ ಮುಂದಿನದು ಬರುವವರೆಗೆ ಪರದೆಯ ಮೇಲೆ ನಿಂತೇ ಇರುತ್ತದೆ. ಸೆಕೆಂಡಿಗೆ 960 ಬಿಂದುಗಳಷ್ಟು ವೇಗದಲ್ಲಿ ಓಡುವ ವಸ್ತುವನ್ನು ಕಣ್ಣು ಹಿಂಬಾಲಿಸುವಾಗ, 60 ಹರ್ಟ್ಸ್ ಪರದೆಯಲ್ಲಿ ಒಂದು ಚಿತ್ರದ ಕಾಲದಲ್ಲಿ ಕಣ್ಣು 16 ಬಿಂದು ಮುಂದೆ ಹೋಗಿರುತ್ತದೆ, ಚಿತ್ರ ಅಲ್ಲೇ ಇರುತ್ತದೆ. ಅಷ್ಟು ಅಗಲದ ಮಸುಕು ಕಾಣುತ್ತದೆ. 120 ಹರ್ಟ್ಸಿನಲ್ಲಿ ಅದು 8 ಬಿಂದುಗಳಿಗೆ ಇಳಿಯುತ್ತದೆ.

ಹಾಗಾದರೆ 120 ಹರ್ಟ್ಸ್ ಟಿವಿಯನ್ನೇ ಕೊಳ್ಳಬೇಕೆ? ಆಟದ ಯಂತ್ರ ಅಷ್ಟು ಚಿತ್ರಗಳನ್ನು ಕೊಡುವಂತಿದ್ದರೆ ಮಾತ್ರ. 2013ರ ಪ್ಲೇಸ್ಟೇಷನ್ 4ರ ಆಟಗಳು ಸೆಕೆಂಡಿಗೆ 30 ಅಥವಾ 60 ಚಿತ್ರ ಕೊಡುವಂಥವು. 2020ರ ನವೆಂಬರಿನಲ್ಲಿ ಹೊರಬಂದು 2021ರ ಫೆಬ್ರುವರಿಯಲ್ಲಿ ಭಾರತಕ್ಕೆ ಬಂದ ಪ್ಲೇಸ್ಟೇಷನ್ 5 ಕೆಲವು ಆಟಗಳಲ್ಲಿ 120 ಕೊಡಬಲ್ಲದು. ಅದಿಲ್ಲದವರಿಗೆ 60 ಹರ್ಟ್ಸ್ ಸಾಕು. 'ಮೋಷನ್ ರೇಟ್ 120', '240' ಎಂಬಂಥ ಹೆಸರುಗಳು ಪರದೆಯ ನಿಜವಾದ ಆವೃತ್ತಿಯನ್ನು ಹೇಳಬೇಕೆಂದಿಲ್ಲ. ವಿವರಪಟ್ಟಿಯಲ್ಲಿ ಪರದೆಯ ರಿಫ್ರೆಶ್ ದರವನ್ನು ನೋಡಿ.

ತಂತಿಯ ವಿಚಾರವನ್ನೂ ಗುಣಾಕಾರದಿಂದ ಪರೀಕ್ಷಿಸಬಹುದು. 3840 × 2160 ಬಿಂದು, ಬಿಂದುವಿಗೆ 24 ಬಿಟ್, ಸೆಕೆಂಡಿಗೆ 60 ಚಿತ್ರ: ಒಟ್ಟು ಸುಮಾರು 12 ಗಿಗಾಬಿಟ್. 2013ರ ಎಚ್‌ಡಿಎಂಐ 2.0 ಇದನ್ನು ಹೊರಬಲ್ಲದು. 120 ಚಿತ್ರಗಳಿಗೆ ಸುಮಾರು 24 ಗಿಗಾಬಿಟ್ ಆಗುತ್ತದೆ. ಅದಕ್ಕೆ 2017ರ ಎಚ್‌ಡಿಎಂಐ 2.1 ಬೇಕು. ಫುಲ್ ಎಚ್‌ಡಿಯಲ್ಲಿ 60 ಚಿತ್ರಕ್ಕೆ ಕೇವಲ 3 ಗಿಗಾಬಿಟ್. ಹಳೆಯ ತಂತಿಯೇ ಸಾಕು.

ಕಪ್ಪು, ಹೊಳಪು, ಓರೆನೋಟ

ರಾತ್ರಿ ದೀಪವಾರಿಸಿ ನೋಡುವ ಸಣ್ಣ ಕೋಣೆಯಲ್ಲಿ ಹೊಳಪಿಗಿಂತ ಕಪ್ಪು ಎಷ್ಟು ಕಪ್ಪಾಗಿದೆ ಎಂಬುದು ಮುಖ್ಯ. ದ್ರವಹರಳಿನ ಪರದೆಗಳಲ್ಲಿ ಎರಡು ಬಗೆ ಹೆಚ್ಚು ಬಳಕೆಯಲ್ಲಿವೆ. ವಿಎ ಬಗೆಯಲ್ಲಿ ಬಿಳಿ ಮತ್ತು ಕಪ್ಪಿನ ಹೊಳಪಿನ ಅನುಪಾತ 3000:1ರ ಆಸುಪಾಸು ಅಥವಾ ಹೆಚ್ಚು. ಐಪಿಎಸ್ ಬಗೆಯಲ್ಲಿ ಸುಮಾರು 1000:1. ಆದರೆ ಪಕ್ಕದಿಂದ ನೋಡಿದಾಗ ವಿಎ ಪರದೆಯ ಬಣ್ಣ ಬಿಳಿಚಿಕೊಳ್ಳುತ್ತದೆ, ಐಪಿಎಸ್ ಹೆಚ್ಚು ಬದಲಾಗುವುದಿಲ್ಲ. ಒಬ್ಬರೋ ಇಬ್ಬರೋ ನೇರ ಎದುರಿನಲ್ಲಿ ಕೂರುವುದಾದರೆ ವಿಎ, ಮಂಚದ ಮೂಲೆಯಿಂದಲೂ ನೋಡುವವರಿದ್ದರೆ ಐಪಿಎಸ್. ಅಂಗಡಿಯಲ್ಲಿ ಪರದೆಯ ಪಕ್ಕಕ್ಕೆ ಸರಿದು ನಿಂತರೆ ಯಾವ ಬಗೆಯೆಂದು ಸುಮಾರಾಗಿ ತಿಳಿಯುತ್ತದೆ. ಅಗ್ಗದ ಟಿವಿಯ ಮೇಲಿನ ಎಚ್‌ಡಿಆರ್ ಗುರುತಿಗೆ ಹೆಚ್ಚು ಹಣ ಕೊಡಬೇಕಾಗಿಲ್ಲ. ಆ ಸಂಕೇತವನ್ನು ಓದಬಲ್ಲದು ಎಂಬುದಷ್ಟೇ ಅದರ ಅರ್ಥ. ಅದಕ್ಕೆ ತಕ್ಕ ಹೊಳಪು ಅಂಥ ಪರದೆಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ.

ತೆರಿಗೆ ಮತ್ತು ವಿದ್ಯುತ್

ನಮ್ಮ ದೇಶದಲ್ಲಿ 32 ಅಂಗುಲದ ಟಿವಿಯ ಕಡೆಗೆ ಕೊಳ್ಳುವವರು ವಾಲಲು ತೆರಿಗೆಯೂ ಒಂದು ಕಾರಣವಾಗಿತ್ತು. 2019ರ ಜನವರಿಯಿಂದ 32 ಅಂಗುಲದವರೆಗಿನ ಟಿವಿಗೆ ಶೇಕಡ 18, ಅದಕ್ಕಿಂತ ದೊಡ್ಡದಕ್ಕೆ ಶೇಕಡ 28 ಜಿಎಸ್‌ಟಿ ಇತ್ತು. 2025ರ ಸೆಪ್ಟೆಂಬರ್ 22ರಿಂದ ಎರಡಕ್ಕೂ ಶೇಕಡ 18 ಆಗಿದೆ. ಆದ್ದರಿಂದ 43 ಅಂಗುಲದ್ದನ್ನು ತೆರಿಗೆಯ ಕಾರಣಕ್ಕೆ ಕೈಬಿಡಬೇಕಾಗಿಲ್ಲ.

ವಿದ್ಯುತ್ತಿನ ಲೆಕ್ಕ ಬೇರೆ. 40 ವಾಟಿನ ಟಿವಿ ದಿನಕ್ಕೆ 4 ಗಂಟೆ ಉರಿದರೆ ವರ್ಷಕ್ಕೆ 58 ಯೂನಿಟ್, 80 ವಾಟಿನದಾದರೆ 117 ಯೂನಿಟ್. ಹೊಳಪನ್ನು ತಗ್ಗಿಸಿದರೆ ಖರ್ಚೂ ತಗ್ಗುತ್ತದೆ. ಅಂಗಡಿಯಲ್ಲಿ ಎದ್ದು ಕಾಣಲೆಂದು ಇಟ್ಟ ಪ್ರಖರ ಬಗೆ ಮನೆಯಲ್ಲಿ ಕಣ್ಣಿಗೂ ಹಿತವಲ್ಲ.

ಕೊಳ್ಳುವ ಮುನ್ನ

ಎಲ್ಲವನ್ನೂ ಒಟ್ಟುಗೂಡಿಸಿದರೆ ಹೀಗೆ ಹೇಳಬಹುದು. ಮೇಜಿನ ಮುಂದೆ ಒಂದು ಮೀಟರಿನೊಳಗೆ ಕೂತು ಒಬ್ಬರೇ ಆಡುವುದಾದರೆ ಟಿವಿಯೇ ಬೇಡ. 60 ಸೆಂಟಿಮೀಟರಿನ ಫುಲ್ ಎಚ್‌ಡಿ ಕಂಪ್ಯೂಟರ್ ಮಾನಿಟರ್ ಸಾಕು. ಚಿತ್ರ ತಿದ್ದುವ ಗೊಡವೆ ಅದಕ್ಕಿಲ್ಲದ ಕಾರಣ ವಿಳಂಬವೂ ಸಾಮಾನ್ಯವಾಗಿ ಕಡಿಮೆ. ಆದರೆ ಸ್ಪೀಕರ್ ಇದೆಯೇ ಎಂದು ನೋಡಿಕೊಳ್ಳಬೇಕು. 1.3ರಿಂದ 1.6 ಮೀಟರ್ ದೂರಕ್ಕೆ 80 ಸೆಂಟಿಮೀಟರಿನ ಫುಲ್ ಎಚ್‌ಡಿ. 1.7ರಿಂದ 2.4 ಮೀಟರ್ ದೂರಕ್ಕೆ 108 ಸೆಂಟಿಮೀಟರಿನದು, ಬೆಲೆ ಹತ್ತಿರವಿದ್ದರೆ 4ಕೆ. ಯಾವುದೇ ಆದರೂ ಗೇಮ್ ಮೋಡ್ ಇರಲಿ, ಅದನ್ನು ಹಾಕಿ ವಿಳಂಬವನ್ನು ಅಳೆದು ನೋಡಿ.

ಹೊಸ ಟಿವಿ ಕೊಳ್ಳುವ ಶಕ್ತಿ ಸದ್ಯಕ್ಕೆ ಇಲ್ಲದವರು ಮನೆಯಲ್ಲಿರುವ ಟಿವಿಯಿಂದಲೇ ಪರೀಕ್ಷೆ ಆರಂಭಿಸಬಹುದು. ಅದರ ಆಯ್ಕೆಗಳ ಪಟ್ಟಿಯಲ್ಲಿ ಗೇಮ್ ಮೋಡ್ ಹುಡುಕಿ, ಚಲನೆ ನಯಗೊಳಿಸುವ ಆಯ್ಕೆಯನ್ನು ನಿಲ್ಲಿಸಿ, ಮಂಚವನ್ನು ಒಂದಷ್ಟು ಮುಂದಕ್ಕೆ ಸರಿಸಿ ನೋಡಿ. ಇಷ್ಟರಿಂದಲೇ ಆಟ ಸರಿಹೋದರೆ ಹೊಸದರ ಖರ್ಚು ಉಳಿಯುತ್ತದೆ. ಸರಿಹೋಗದಿದ್ದರೆ, ಹೊಸದರಲ್ಲಿ ಯಾವ ಗುಣಕ್ಕೆ ಹಣ ಕೊಡಬೇಕೆಂಬುದಾದರೂ ಗೊತ್ತಾಗಿರುತ್ತದೆ.